ಅಂಬಾರಗೋಡ್ಲು ದಡದ ಲಾಂಚ್

ಚನ್ನಗಿರಿ ತಾಲ್ಲೂಕಿನ ಅಡಿಕೆ ತೋಟಗಳ ಬೇಲಿ ಹಿಡಿದು ನಡೆದರೆ ಅಲ್ಲಲ್ಲಿ ಒಂದು ತಗಡಿನ ಬೋರ್ಡು ಕಾಣುತ್ತದೆ. ಈ ತೋಟಕ್ಕೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂದು ಅದರಲ್ಲಿ ಬರೆದಿರುತ್ತದೆ. ಹೊನ್ನಾಳಿ, ನ್ಯಾಮತಿ ಕಡೆಯೂ ಅಷ್ಟೇ. ಪಂಪ್‌ಸೆಟ್ ಮನೆಯ ಬಾಗಿಲಿಗೆ, ಕಟ್ಟುತ್ತಿರುವ ಮನೆಯ ಕಬ್ಬಿಣದ ರಾಶಿಗೆ, ಎಲ್ಲೆಲ್ಲಿ ಕಳ್ಳನ ಭಯವಿದೆಯೋ ಅಲ್ಲೆಲ್ಲ ಆ ಬೋರ್ಡು. ನಾಯಿಗೂ ಪೊಲೀಸರಿಗೂ ಬಗ್ಗದ ಹಸಿ ಅಡಿಕೆ ಕಳ್ಳ ಅದಕ್ಕೆ ಬಗ್ಗುತ್ತಾನೆ ಎಂಬುದು ನಮ್ಮವರ ನಂಬಿಕೆ. ಕಳ್ಳನ ಮಾತು ನನಗೆ ತಿಳಿಯದು. ಬೋರ್ಡು ಹಾಕಿದವರು ಮಾತ್ರ ಹರಕೆ ತೀರಿಸಲು ಸಿಗಂದೂರಿಗೆ ಹೋಗಲೇಬೇಕಿತ್ತು, ಹೋದವರು ಶರಾವತಿಯ ಹಿನ್ನೀರು ದಾಟಲು ಲಾಂಚ್ ಹತ್ತಲೇಬೇಕಿತ್ತು. ಸಮುದ್ರ ಕಾಣದೆ ಮುದುಕರಾದ ಬಯಲುಸೀಮೆಯ ಎಷ್ಟೋ ಮಂದಿ ಕಬ್ಬಿಣದ ಹಡಗೊಂದರ ಮೇಲೆ ಕಾಲಿಟ್ಟದ್ದು ಹಾಗೆ, ಅಡಿಕೆಯ ದೆಸೆಯಿಂದ.

ಚನ್ನಗಿರಿ ಕಡೆ ತೋಟವಿದ್ದ ನಮ್ಮ ದೊಡ್ಡಪ್ಪನೂ ಹಾಗೇ ಹೋದವರು. ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆ ಒಂದು ರಾತ್ರಿ ಕಳುವಾಗಿ, ಅದರಲ್ಲಿ ಅರ್ಧ ಚೀಲ ಹಳ್ಳದ ಪೊದೆಯಲ್ಲಿ ಸಿಕ್ಕಿತು. ಸಿಕ್ಕ ಅರ್ಧ ಚೀಲಕ್ಕೆ ಹರಕೆ! ಮನೆಮಂದಿಯೆಲ್ಲ ಹೊರಡಬೇಕೆಂದು ಅಪ್ಪಣೆಯಾಯಿತು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಚನ್ನಗಿರಿ, ಹೊನ್ನಾಳಿ ಆಗಿನ್ನೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ನ್ಯಾಮತಿ ಹೊನ್ನಾಳಿಗೆ ಸೇರಿದ ಹೋಬಳಿ. ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಎಲ್ಲರೂ ಒಂದೇ ಜಿಲ್ಲೆಯವರಾದೆವು, ಸಿಗಂದೂರಿರುವ ಸಾಗರ ಪರಜಿಲ್ಲೆಯಾಯಿತು. ನಾವು ಹೋದಾಗ ಅದು ನಮ್ಮದೇ ಜಿಲ್ಲೆಯ ಇನ್ನೊಂದು ತುದಿ.

ಬಾಡಿಗೆ ಮಟಡೋರ್ ವ್ಯಾನು ನ್ಯಾಮತಿಯಲ್ಲಿ ನಮ್ಮನ್ನು ಹತ್ತಿಸಿಕೊಂಡು ಸವಳಂಗ, ಶಿವಮೊಗ್ಗ, ಆನಂದಪುರ ದಾಟಿ ಸಾಗರ ಮುಟ್ಟಿತು. ಜಗಳೂರಿಗೆ ಕೊಟ್ಟಿದ್ದ ಸೋದರತ್ತೆ ಹಿಂದಿನ ದಿನವೇ ಬಂದು ಕೂಡಿಕೊಂಡಿದ್ದರು. ಅವರ ಚೀಲದಲ್ಲಿ ಖಾರ ಮಂಡಕ್ಕಿ, ರೊಟ್ಟಿ, ಶೇಂಗಾ ಚಟ್ನಿಪುಡಿ, ಜೊತೆಗೆ ಎರಡು ದೊಡ್ಡ ಕ್ಯಾನು ನೀರು. ಮಲೆನಾಡಿಗೆ ಹೋಗುವಾಗ ನೀರು ಯಾಕತ್ತೆ ಎಂದರೆ, “ನೀರಿನ ಮಾತು ಯಾರಿಗೆ ಗೊತ್ತು, ಇರ್ಲಿ ಬಿಡಪ್ಪ” ಎಂದರು. ಜಗಳೂರಿನಲ್ಲಿ ಬಾಳುವೆ ಮಾಡಿದವರ ಮಾತು ಅದು.

ಸಾಗರದಿಂದ ಕಾಡಿನ ದಾರಿ ಹಿಡಿದು ಹೊಳೆಬಾಗಿಲಿಗೆ, ಅಂದರೆ ಅಂಬಾರಗೋಡ್ಲು ದಡಕ್ಕೆ ಬಂದರೆ, ಡಾಂಬರು ರಸ್ತೆ ನೆಟ್ಟಗೆ ಹೋಗಿ ನೀರಿನೊಳಗೆ ಇಳಿದುಬಿಟ್ಟಿತ್ತು. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ. ನದಿಯ ದಂಡೆಗೆ ಬಂದ ರಸ್ತೆ ದಂಡೆಯಲ್ಲಿ ನಿಲ್ಲುತ್ತದೆ. ಹೊನ್ನಾಳಿಯ ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದ ನಮಗೆ ಅದು ಗೊತ್ತಿತ್ತು. ಇಲ್ಲಿನ ರಸ್ತೆ ನಿಂತಿರಲಿಲ್ಲ, ಮುಳುಗಿತ್ತು. ಅದರಾಚೆ ನೀರಿನ ನಡುವೆ ಅಲ್ಲಲ್ಲಿ ಕರಿ ಬೊಡ್ಡೆಗಳು ತಲೆ ಎತ್ತಿದ್ದವು. ಎಂದೋ ಸತ್ತು ನಿಂತ ಮರಗಳು.

ಅತ್ತೆ ವ್ಯಾನಿನಿಂದ ಇಳಿದು ಸೆರಗು ತಲೆಮೇಲೆ ಎಳಕೊಂಡು ನೋಡಿದರು. “ಯಪ್ಪಾ, ಈಪಾಟಿ ನೀರು ಇಲ್ಲಿ ಸುಮ್ನೆ ನಿಂತೈತಲ್ಲೋ. ನಮ್ಮೂರಾಗೆ ಕೊಡ ಹಿಡ್ಕಂಡು ಸಾಲು ನಿಂತೀವಿ. ಇದ್ನ ಒಂದೀಟು ಅತ್ಲಾಗೆ ಬಿಡಬಾರ್ದಾ?” ಎಂದರು. ನಾವೆಲ್ಲ ನಕ್ಕೆವು. ಹತ್ತಿರ ನಿಂತಿದ್ದ ಒಬ್ಬ ಹಿರಿಯರು ನಗಲಿಲ್ಲ. ಕಂಬಳಿ ಕೊಪ್ಪೆ ಬಗಲಲ್ಲಿಟ್ಟುಕೊಂಡು, ದಿನಸಿಯ ಚೀಲ ಕಾಲಬುಡದಲ್ಲಿಟ್ಟು ಲಾಂಚಿಗೆ ಕಾಯುತ್ತಿದ್ದ, ಆಚೆ ದಡದ ತುಮರಿ ಕಡೆಯವರು. “ಸುಮ್ಮನೆ ನಿಂತದ್ದಲ್ಲ ಅಮ್ಮಾ. ನಿಲ್ಸಿದ್ದು. ನಿಮ್ಮನೆ ಲೈಟು ಉರಿಯೂದು ಇದರಿಂದಲೇ” ಎಂದರು.

ಮುಂದೆ ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಮಾಸ್ತರನಾದೆ. ಆ ನೀರನ್ನು ನಿಲ್ಲಿಸಿದ ಲಿಂಗನಮಕ್ಕಿ ಅಣೆಕಟ್ಟಿನ ಪಾಠ ಬಂದಾಗಲೆಲ್ಲ ಅವರ ಆ ಮಾತಿನಿಂದಲೇ ಶುರು ಮಾಡುತ್ತಿದ್ದೆ. ಪಠ್ಯಪುಸ್ತಕದಲ್ಲಿ ಅಣೆಕಟ್ಟು ಇರುತ್ತದೆ, ಮೆಗಾವಾಟ್ ಇರುತ್ತದೆ. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು, 1035 ಮೆಗಾವಾಟ್ ಎಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಲಾಂಚು ಇರುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಿತು. ಸಮುದ್ರಮಟ್ಟದಿಂದ 1819 ಅಡಿಯವರೆಗೆ ಅದರಲ್ಲಿ ನೀರು ನಿಲ್ಲುತ್ತದೆ. ಕಣಿವೆಯ ಗದ್ದೆ, ತೋಟ, ಊರುಗಳೆಲ್ಲ ಮುಳುಗಿದವು. ಅದಕ್ಕೂ ಮೊದಲು, 1940ರ ದಶಕದಲ್ಲಿ, ಜೋಗದ ವಿದ್ಯುತ್ತಿಗಾಗಿ ಹಿರೇಭಾಸ್ಕರದಲ್ಲಿ ಕಟ್ಟಿದ್ದ ಅಣೆಕಟ್ಟೆಯೇ ಈ ಹೊಸ ನೀರಿನಲ್ಲಿ ಮುಳುಗಿಹೋಯಿತು. ಜನ ಅದನ್ನು ಮಡೆನೂರು ಡ್ಯಾಂ ಅನ್ನುತ್ತಾರೆ. ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ಅದು ನೀರಿನಿಂದ ಮೇಲೆದ್ದು ಬರುತ್ತದೆ. ಅಣೆಕಟ್ಟನ್ನು ಇನ್ನೊಂದು ಅಣೆಕಟ್ಟು ನುಂಗಿದ್ದನ್ನು ಹೇಳಿದರೆ ಹಿಂದಿನ ಬೆಂಚಿನ ಹುಡುಗರೂ ಕಿವಿಗೊಡುತ್ತಿದ್ದರು.

ಮುಳುಗಿದವರು ಎದ್ದು ಹೋದರು. ಅವರಿಗೆ ಕೊಟ್ಟ ಜಮೀನಿನ ಹಕ್ಕುಪತ್ರದ ತಕರಾರು ಮೂರನೇ ತಲೆಮಾರಿಗೂ ಬಗೆಹರಿದಿಲ್ಲ. ಮುಳುಗದವರ ಪಾಡು ಇನ್ನೊಂದು ಬಗೆ. ತುಮರಿ, ಕುದರೂರು, ಕಳಸವಳ್ಳಿಯಂಥ ಊರುಗಳು ಎತ್ತರದಲ್ಲಿದ್ದುದರಿಂದ ಉಳಿದವು, ಆದರೆ ಸಾಗರದ ಸಂತೆಗೂ ಆಸ್ಪತ್ರೆಗೂ ಕೋರ್ಟಿಗೂ ಅವಕ್ಕಿದ್ದ ದಾರಿ ನೀರಿನ ತಳಕ್ಕೆ ಹೋಯಿತು. ಸುತ್ತು ಹಾಕಿ ಹೋಗುವ ರಸ್ತೆ ಬಹಳ ದೂರ. ಹಾಗಾಗಿ ಲಾಂಚು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಒಂದು, ಹಸಿರುಮಕ್ಕಿಯಲ್ಲಿ ಇನ್ನೊಂದು, ಮುಪ್ಪಾನೆಯಲ್ಲಿ ಮತ್ತೊಂದು ಕಡವು. ಒಳನಾಡು ಜಲಸಾರಿಗೆಯ ಹೆಸರಿನಲ್ಲಿ ಸರ್ಕಾರವೇ ನಡೆಸುತ್ತಿದ್ದ ಹಡಗುಗಳು ಇವು. ಸಿಗಂದೂರು ದೇವಿಯ ಮೂಲಸ್ಥಾನವೂ ಮುಳುಗಿ, ದೇವಿ ಎತ್ತರಕ್ಕೆ ಬಂದು ನೆಲೆಯಾದವಳು. ಸಂಕ್ರಾಂತಿಯ ಜಾತ್ರೆಗೆ ನಾವು ಸಾಲುಗಟ್ಟಿ ಹೋಗುವುದು ಒಬ್ಬ ಮುಳುಗಡೆ ಸಂತ್ರಸ್ತೆಯ ಮನೆಗೆ ಎಂದು ಒಮ್ಮೆ ಸ್ಟಾಫ್‌ರೂಮಿನಲ್ಲಿ ಹೇಳಿದ್ದಕ್ಕೆ ಭಕ್ತರಾದ ಸಹೋದ್ಯೋಗಿಯೊಬ್ಬರು ಒಂದು ವಾರ ಮಾತು ಬಿಟ್ಟಿದ್ದರು.

ಅಂದಿನ ಪಯಣಕ್ಕೆ ಬರುತ್ತೇನೆ. ಲಾಂಚು ದಡಕ್ಕೆ ಮೂತಿ ತಾಗಿಸಿತು, ಮುಂದಿನ ಕಬ್ಬಿಣದ ಹಲಗೆ ಸರಪಳಿಯ ಸದ್ದಿನೊಂದಿಗೆ ಮಣ್ಣಿನ ಮೇಲೆ ಬಿತ್ತು. ಜನ ಇಳಿದು ನಡೆದು ಬರಬೇಕು, ಗಾಡಿ ಖಾಲಿಯಾಗಿ ಹತ್ತಬೇಕು ಎಂದರು. ನಮ್ಮ ಮಟಡೋರಿನ ಡ್ರೈವರು ಶಿವಮೊಗ್ಗದಿಂದ ಮೀಸೆ ತಿರುವುತ್ತ ಹೊನ್ನಾಳಿ ಹೊಡ್ತದ ಕತೆ ಹೇಳಿಕೊಂಡು ಬಂದವನು. ಹಲಗೆಯ ಮೇಲೆ ಗಾಲಿ ಏರಿ ಹಡಗು ಒಂದಿಷ್ಟು ಕೆಳಗಿಳಿದಾಗ ಅವನ ಮುಖದ ಬಣ್ಣ ಹೋಯಿತು. ಲಾಂಚಿನ ಹುಡುಗ ಕೈಯಲ್ಲೇ ಹೇಳುತ್ತಿದ್ದ: ಎಡಕ್ಕೆ, ಇನ್ನೂ ಎಡಕ್ಕೆ, ಸಾಕು, ಗೇರಲ್ಲಿ ನಿಲ್ಸು. ಗಾಲಿಗೆ ಕಲ್ಲು ಕೊಟ್ಟ. ಭಾರದ ಗಾಡಿ ನಡುವೆ, ಹಗುರದ್ದು ಅಂಚಿಗೆ, ಬೈಕುಗಳು ಸಂದಿಯಲ್ಲಿ. ಯಾವ ಗಾಡಿ ಎಲ್ಲಿ ನಿಂತರೆ ಹಡಗು ಓರೆಯಾಗುವುದಿಲ್ಲ ಎಂಬುದನ್ನು ಲಾಂಚಿನವರು ಕಣ್ಣಳತೆಯಲ್ಲೇ ಹೇಳುತ್ತಿದ್ದರು. ತಕ್ಕಡಿ ಹಿಡಿದ ಶೆಟ್ಟರ ಕೈ ಇದ್ದಂತೆ.

ದಾಟುವುದು ಹತ್ತಿಪ್ಪತ್ತು ನಿಮಿಷದ ಮಾತು. ಆ ಹೊತ್ತಿನಲ್ಲಿ ಆ ಹಿರಿಯರಿಗೂ ನಮ್ಮ ದೊಡ್ಡಪ್ಪನಿಗೂ ಅಡಿಕೆಯ ಮಾತು ಬೆಳೆಯಿತು. ಚನ್ನಗಿರಿಯಲ್ಲಿ ರಾಶಿ ಎಷ್ಟಕ್ಕೆ ಹೋಯ್ತು, ಬೆಟ್ಟೆ ಕೇಳುವವರಿದ್ದಾರಾ, ಗೊರಬಲಿಗೆ ಏನು ಕೊಡ್ತಾರೆ. ಇಬ್ಬರೂ ಮಂಡಿಯವರನ್ನು ಸಮನಾಗಿ ಬೈದರು. ಕೊನೆಗೆ ದೊಡ್ಡಪ್ಪ, ನಿಮ್ಮದು ಎಷ್ಟು ತೋಟ ಎಂದು ಕೇಳಿದರು. ಆ ಹಿರಿಯರು ಲಾಂಚಿನ ಬಲಗಡೆ ಕೈ ಮಾಡಿ, “ಅಪ್ಪಯ್ಯನ ತೋಟ ಅಲ್ಲಿ. ಈಗಿನ ನಂದು ಗುಡ್ಡದ ಮೇಲೆ, ಅರ್ಧ ಎಕರೆ” ಎಂದರು. ಅವರು ತೋರಿಸಿದ ಕಡೆ ಬರೀ ನೀರಿತ್ತು. ದೊಡ್ಡಪ್ಪ ಮುಂದೆ ಮಾತಾಡಲಿಲ್ಲ. ಅರ್ಧ ಚೀಲ ಅಡಿಕೆಗೆ ಹರಕೆ ಹೊತ್ತು ಬಂದವರು ಅವರು.

ಹಿಂದಿರುಗುವಾಗ ಹೊತ್ತಾಯಿತು. ದೇವಸ್ಥಾನದಲ್ಲಿ ಜನ, ಊಟಕ್ಕೆ ಸಾಲು, ಅತ್ತೆಗೆ ಇನ್ನೊಂದು ಪ್ರದಕ್ಷಿಣೆಯ ಹಟ. ಕಳಸವಳ್ಳಿ ದಡಕ್ಕೆ ಬರುವಷ್ಟರಲ್ಲಿ ಕೊನೆಯ ಲಾಂಚು ಆಚೆ ದಡಕ್ಕೆ ಹೋಗಿಯಾಗಿತ್ತು. ಕತ್ತಲಾದ ಮೇಲೆ ಲಾಂಚು ಇರಲಿಲ್ಲ, ಅದು ಅಲ್ಲಿನ ಕಟ್ಟಳೆಯಾಗಿತ್ತು. ನಾವು ದೇವಸ್ಥಾನಕ್ಕೇ ಮರಳಿ ಜಗಲಿಯಲ್ಲಿ ಮಲಗಿದೆವು. ಮಂಡಕ್ಕಿ ಹಂಚಿಕೊಂಡು ತಿಂದೆವು. ಊರಿಗೆ ಹೋದ ಮೇಲೆ ಅದೊಂದು ದೊಡ್ಡ ಕತೆಯಾಗಿ ವರ್ಷಗಟ್ಟಲೆ ಓಡಿತು. ಆದರೆ ಅದೇ ದಡದಲ್ಲಿ ನಮ್ಮ ಜೊತೆ ಲಾಂಚು ತಪ್ಪಿಸಿಕೊಂಡ ಒಬ್ಬ ಹೆಂಗಸಿದ್ದರು. ಸಾಗರದ ಆಸ್ಪತ್ರೆಯಲ್ಲಿದ್ದ ಮಗಳಿಗೆ ಬುತ್ತಿ ಒಯ್ಯುತ್ತಿದ್ದವರು. ಬುತ್ತಿಯ ಡಬ್ಬಿ ಬಿಚ್ಚಿ, ನಮ್ಮ ಕಡೆಯ ಮಕ್ಕಳಿಗೆ ಹಂಚಿಬಿಟ್ಟರು. “ನಾಳೆಗೆ ಹಳಸ್ತದೆ, ತಿನ್ನಲಿ. ನಮಗಿದು ಹೊಸತಲ್ಲ ಮಾರಾಯ್ರೆ” ಎಂದರು. ಲಾಂಚಿನ ಬಗ್ಗೆ ಯಾರಾದರೂ ಕವಿಯಾಗತೊಡಗಿದರೆ ನನಗೆ ಆ ಡಬ್ಬಿ ನೆನಪಿಗೆ ಬರುತ್ತದೆ.

ಕಾದಂಬರಿಕಾರ ನಾ. ಡಿಸೋಜರ ಬರಹ ನನಗೆ ಹಿಡಿಸಿದ್ದು ಈ ಪಯಣದ ಮೇಲೆ. ಸಾಗರದ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಹತ್ತಿರವೇ ಇದ್ದು ಮುಳುಗಡೆಯನ್ನು ಕಂಡವರು. ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ಅಲ್ಲಿಂದಲೇ ಹುಟ್ಟಿದವು. ಗಿರೀಶ್ ಕಾಸರವಳ್ಳಿ ‘ದ್ವೀಪ’ವನ್ನು ಸಿನಿಮಾ ಮಾಡಿದರು, ಸೌಂದರ್ಯ ನಟಿಸಿದರು, ಅದಕ್ಕೆ ಸ್ವರ್ಣಕಮಲ ಬಂತು. ನ್ಯಾಮತಿಯಲ್ಲಿ ಸಿ.ಡಿ. ತಂದು ಮಕ್ಕಳಿಗೆ ತೋರಿಸಿದಾಗ ಒಬ್ಬ ಹುಡುಗಿ, “ಸರ್, ಇವ್ರು ಯಾಕೆ ಮೊದ್ಲೇ ಹೋಗ್ಲಿಲ್ಲ?” ಎಂದು ಕೇಳಿದಳು. ತುಂಗಭದ್ರೆ ಉಕ್ಕಿದಾಗ ಹೊನ್ನಾಳಿಯ ಹೊಳೆದಂಡೆಯ ಮನೆಯವರನ್ನೂ ನಾವು ಹೀಗೇ ಕೇಳುತ್ತೇವೆ. ಡಿಸೋಜರು 2025ರ ಜನವರಿಯಲ್ಲಿ ತೀರಿಕೊಂಡರು. ಇನ್ನಾರು ತಿಂಗಳು ಇದ್ದಿದ್ದರೆ ಈ ಹಿನ್ನೀರಿಗೆ ಕಟ್ಟಿದ ಸೇತುವೆಯನ್ನು ನೋಡುತ್ತಿದ್ದರು.

ಅಂದು ದಡದಲ್ಲಿ ಅತ್ತೆ ಆಡಿದ ಮಾತಿಗೂ ಒಂದು ಉತ್ತರಾರ್ಧವಿದೆ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಟಿ.ವಿ.ಯಲ್ಲಿ ನೋಡಿದ ಅತ್ತೆ ಫೋನು ಮಾಡಿ, ನಾನು ಕೇಳಿದಾಗ ನಕ್ಕಿದ್ರಿ, ಈಗ ದೊಡ್ಡೋರೇ ಕೇಳ್ತಾರಲ್ಲ ಎಂದರು. ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ಏತದಲ್ಲಿ ಹರಿಸುವ ಯೋಜನೆ ಆಗ ಅವರ ಊರಿನಲ್ಲಿ ದಿನದ ಮಾತಾಗಿತ್ತು. ಶರಾವತಿ ಬೇಡ, ನಮ್ಮ ಹೊಳೆ ಸಾಕು ಎಂದರು.

ಜಲಾಶಯದ ಕಡವಿಗೂ ನದಿಯ ಕಡವಿಗೂ ಒಂದು ದೊಡ್ಡ ಅಂತರವಿದೆ, ಅದನ್ನು ನಾನು 2023ರ ಜೂನ್‌ನಲ್ಲಿ ನೋಡಿದೆ. ಆ ವರ್ಷ ಮಳೆ ತಡವಾಯಿತು. ವಿದ್ಯುತ್ತಿಗೆ ನೀರು ಬಿಡುತ್ತಾ ಹೋದಂತೆ ಜಲಾಶಯದ ದಡವೇ ಹಿಂದೆ ಸರಿಯುತ್ತದೆ. ಕಟ್ಟೆ ಕಟ್ಟಿ ಇದೇ ಲಾಂಚು ನಿಲ್ಲುವ ಜಾಗ ಎನ್ನುವ ಹಾಗಿಲ್ಲ. ಇವತ್ತು ನಿಂತ ಜಾಗ ಮುಂದಿನ ತಿಂಗಳು ಒಣ ಗುಡ್ಡ. ಪ್ರತಿ ಬೇಸಿಗೆಯಲ್ಲೂ ದಡದಲ್ಲಿ ಮಣ್ಣು ತಟ್ಟಿ ದಾರಿಯನ್ನು ಕೆಳಕೆಳಕ್ಕೆ ಇಳಿಸಬೇಕು, ಮಳೆ ಬಂದರೆ ಮೇಲಕ್ಕೆ ಏರಿಸಬೇಕು. ನೀರು ಇನ್ನೂ ಇಳಿದರೆ ಹಡಗಿನ ತಳ ನೆಲಕ್ಕೆ ತಾಗುತ್ತದೆ, ಬೊಡ್ಡೆಗೆ ಸಿಕ್ಕುತ್ತದೆ. ಆಗ ಮೊದಲು ಗಾಡಿ ಬಂದ್, ಬರೀ ಜನ. ಆ ಜೂನ್‌ನಲ್ಲಿ ಆದದ್ದು ಅದೇ. ನಾವು ಕಾರನ್ನು ಅಂಬಾರಗೋಡ್ಲಿನಲ್ಲೇ ಬಿಟ್ಟು ಬಿರುಕು ಬಿಟ್ಟ ಕೆಸರುನೆಲದ ಮೇಲೆ ನಡೆದು ಹೋಗಿ ಲಾಂಚ್ ಹತ್ತಿದೆವು. ಹಳೆಯ ರಸ್ತೆಯ ಕಲ್ಲುಗಳು ಕಾಲಿಗೆ ಸಿಕ್ಕವು. ಎದುರಿಗೆ ಹೊಸ ಸೇತುವೆಯ ಕಂಬಗಳು ಅರ್ಧಕ್ಕೆ ಎದ್ದು ನಿಂತಿದ್ದವು.

2018ರಲ್ಲಿ ಅಡಿಗಲ್ಲು ಬಿದ್ದ ಆ ಸೇತುವೆಯನ್ನು 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಸುಮಾರು 2.44 ಕಿಲೋಮೀಟರ್ ಉದ್ದ, ನಡುಭಾಗ ಕೇಬಲ್‌ಗಳ ಮೇಲೆ ತೂಗುತ್ತದೆ, ನಾನೂರು ಕೋಟಿಗೂ ಮೀರಿದ ಖರ್ಚು. ಆ ಸಮಾರಂಭಕ್ಕೆ ಯಾರನ್ನು ಕರೆದರು, ಯಾರನ್ನು ಬಿಟ್ಟರು ಎಂಬ ಜಗಳ ಪತ್ರಿಕೆಗಳಲ್ಲಿ ನಡೆದಾಗ, ತುಮರಿಯವರು ಆ ಗೊಡವೆಗೆ ಹೋಗದೆ ಗಾಡಿ ಹತ್ತಿ ದಾಟಿದರು. ದಾಟಬೇಕಾದದ್ದೇ. ನಮ್ಮ ಕಡೆಯ ಕೆಲವರು, ಛೆ, ಲಾಂಚ್ ಇದ್ದಾಗಲೇ ಚೆನ್ನಾಗಿತ್ತು, ಈಗ ಸಿಗಂದೂರಿನ ಮಜಾ ಹೋಯ್ತು ಎನ್ನುತ್ತಾರೆ. ವರ್ಷಕ್ಕೊಂದು ದಿನ ಹೋಗಿ ಫೋಟೊ ತೆಗೆಸಿಕೊಳ್ಳುವವರ ಮಾತಿದು. ಆರು ದಶಕ ಕಾದವರ ಎದುರು ಹೀಗೆ ಹೇಳುವುದಕ್ಕೆ ಮುಖ ಬೇಕು. ನನಗೆ ಅದರಲ್ಲಿ ಪಾಲು ಬೇಡ.

ಹಾಗಿದ್ದೂ ಒಂದು ಮಾತು ಹೇಳಲೇಬೇಕು. ಅದಕ್ಕೆ ಕಾರಣ ಸ್ಕಾಟ್ಲೆಂಡ್. ಮಗಳು, ಅಳಿಯ ಅಲ್ಲಿನ ಇನ್ವರ್ನೆಸ್‌ನಲ್ಲಿದ್ದಾರೆ. ನಿವೃತ್ತಿಯ ನಂತರ ಒಂದು ಬೇಸಿಗೆ ಅಲ್ಲಿಗೆ ಹೋಗಿದ್ದಾಗ ಸ್ಕೈ ಎಂಬ ದ್ವೀಪಕ್ಕೆ ಕರೆದೊಯ್ದರು. ಆ ದ್ವೀಪಕ್ಕೂ 1995ರಲ್ಲಿ ಸೇತುವೆಯಾಗಿದೆ. ಅದಾದಾಗ ದೊಡ್ಡ ಕಾರು ಹಡಗು ನಿಂತುಹೋಯಿತು, ಸೇತುವೆಯ ಸುಂಕದ ವಿರುದ್ಧ ಜನ ಹೋರಾಡಿದರು, 2004ರಲ್ಲಿ ಸುಂಕ ರದ್ದಾಯಿತು. ಅಳಿಯ ಸೇತುವೆ ಬಿಟ್ಟು ಗ್ಲೆನೆಲ್ಗ್ ಎಂಬ ಹಳ್ಳಿಯ ಕಡೆ ಕಾರು ತಿರುಗಿಸಿದರು. ಅಲ್ಲಿ ಒಂದು ಕಿರಿದಾದ ಜಲಸಂಧಿ, ಸೆಳೆತ ಭಾರಿ. ಹಿಂದಿನ ಕಾಲದಲ್ಲಿ ದ್ವೀಪದ ದನಗಳನ್ನು ಒಂದರ ಬಾಲಕ್ಕೆ ಇನ್ನೊಂದರ ಮೂತಿ ಕಟ್ಟಿ ಅಲ್ಲೇ ಈಜಿಸಿ ಸಂತೆಗೆ ಹೊಡೆಯುತ್ತಿದ್ದರಂತೆ. ಈಗ ಗ್ಲೆನಚುಲಿಶ್ ಎಂಬ ಪುಟ್ಟ ಹಡಗು ಓಡುತ್ತದೆ. ಆರು ಕಾರು ಹಿಡಿಯುತ್ತದೆ.

ಅದು ದಡಕ್ಕೆ ಮೂತಿ ಕೊಡುವುದಿಲ್ಲ, ಪಕ್ಕೆ ಕೊಡುತ್ತದೆ. ಕಾರುಗಳು ಪಕ್ಕದಿಂದ ಹತ್ತಿದ ಮೇಲೆ, ಕಾರು ಹೊತ್ತ ಅಟ್ಟವನ್ನೇ ಕೆಲಸದವರು ಹೆಗಲು ಕೊಟ್ಟು ರಾಗಿಕಲ್ಲಿನ ಹಾಗೆ ಗರಗರ ತಿರುಗಿಸಿ ಹಡಗಿನ ಉದ್ದಕ್ಕೆ ಹೊಂದಿಸುತ್ತಾರೆ. ಕೈಯಲ್ಲೇ ತಿರುಗಿಸುವ ಅಂಥ ಹಡಗು ಲೋಕದಲ್ಲಿ ಇದೊಂದೇ ಉಳಿದಿದೆಯಂತೆ. ಅದರ ಜಾತಕ ಕೇಳಿ. 1969ರಲ್ಲಿ ಬ್ಯಾಲಚುಲಿಶ್ ಎಂಬ ಕಡವಿಗೆಂದು ಕಟ್ಟಿದರು. 1975ರಲ್ಲಿ ಅಲ್ಲಿ ಸೇತುವೆ ಬಂತು. ಕೆಸಕ್ ಎಂಬಲ್ಲಿ ಬದಲಿ ಹಡಗಾಗಿ ದುಡಿಯಿತು, 1982ರಲ್ಲಿ ಅಲ್ಲೂ ಸೇತುವೆ. ಕೈಲೆಸ್ಕುವಿನಲ್ಲೂ ದುಡಿಯಿತು, ಅಲ್ಲಿಗೆ 1984ರಲ್ಲಿ ಸೇತುವೆ. ಹೋದಲ್ಲೆಲ್ಲ ಸೇತುವೆ ಬೆನ್ನಟ್ಟಿದ ಹಡಗನ್ನು ಕೊನೆಗೆ ಊರಿನ ಜನ ಸೇರಿ ಒಂದು ಸಮುದಾಯ ಸಂಸ್ಥೆ ಮಾಡಿಕೊಂಡು ಕೊಂಡುಕೊಂಡರು. ಬೇಸಿಗೆಯ ತಿಂಗಳುಗಳಲ್ಲಿ ಓಡಿಸುತ್ತಾರೆ, ಬಂದ ದುಡ್ಡಿನಲ್ಲಿ ಊರಿನವರಿಗೆ ಕೆಲಸ.

ನಾನು ಆ ಅಟ್ಟಕ್ಕೆ ಹೆಗಲು ಕೊಡಲು ಹೋದೆ. ಕೆಲಸದವನು ನಗುತ್ತ ಜಾಗ ಬಿಟ್ಟ. ಭಾರ ಅಷ್ಟಿಲ್ಲ, ಒಮ್ಮೆ ಹೊರಟರೆ ತಾನೇ ಸುತ್ತುತ್ತದೆ. ಅವನಿಗೆ ನಮ್ಮ ಸಿಗಂದೂರು ಲಾಂಚಿನ ಫೋಟೊ ಮೊಬೈಲಿನಲ್ಲಿ ತೋರಿಸಿದೆ. ಬಸ್ಸು, ಟ್ರ್ಯಾಕ್ಸ್, ಬೈಕು, ನಡುವೆ ನೂರಾರು ಜನ. ಅವನು ಬಹಳ ಹೊತ್ತು ನೋಡಿ, ಇದನ್ನು ನಡೆಸುವವರು ಗಟ್ಟಿಗರು ಎಂದ. ಮಗಳು ಕನ್ನಡಕ್ಕೆ ತಂದು ಹೇಳಿದಳು.

ಗಟ್ಟಿಗರೇ ಸೈ. ಸಂಕ್ರಾಂತಿಯ ಜನಸಾಗರವನ್ನೂ ಆಷಾಢದ ಗಾಳಿಯನ್ನೂ ನಿಭಾಯಿಸಿದ ಆ ಚಾಲಕರು, ಹಲಗೆ ಇಳಿಸಿದವರು, ಗಾಲಿಗೆ ಕಲ್ಲು ಕೊಟ್ಟವರ ಅರಿವು ಯಾವ ಪುಸ್ತಕದಲ್ಲೂ ಇಲ್ಲ. ಯಾವ ತಿಂಗಳಲ್ಲಿ ಎಲ್ಲಿ ಬೊಡ್ಡೆ ಇದೆ, ನೀರು ಎಷ್ಟು ಇಳಿದರೆ ದಾರಿ ಎತ್ತ ತಿರುಗಿಸಬೇಕು ಎಂಬುದು ಅವರ ತಲೆಯಲ್ಲಷ್ಟೇ ಇದೆ. ಜಲಾಶಯದಡಿ ಯಾವ ಊರು ಎಲ್ಲಿತ್ತು ಎಂದು ಕೈ ಮಾಡಿ ತೋರಿಸಬಲ್ಲವರೂ ಈಗ ಕೆಲವರೇ. ಸೇತುವೆಯ ಮೇಲೆ ಕಾರು ಎರಡು ಮೂರು ನಿಮಿಷದಲ್ಲಿ ದಾಟುತ್ತದೆ. ಅಷ್ಟರಲ್ಲಿ ಯಾರೂ ಯಾರನ್ನೂ ನಿಮ್ಮ ತೋಟ ಎಲ್ಲಿತ್ತು ಎಂದು ಕೇಳುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಕಳಸವಳ್ಳಿ ಕಡವಿನ ಲಾಂಚುಗಳಲ್ಲಿ ಒಂದನ್ನು ಗುಜರಿಗೆ ಹಾಕದೆ ಅಲ್ಲಿಯೇ ಉಳಿಸಿ. ಅದನ್ನು ದೂರದ ಗುತ್ತಿಗೆದಾರರಿಗೆ ಮೋಜಿನ ದೋಣಿ ಮಾಡಲು ಕೊಡಬೇಡಿ. ತುಮರಿಯ ಪಂಚಾಯಿತಿಗೋ ಅಲ್ಲಿನವರೇ ಕಟ್ಟಿಕೊಳ್ಳುವ ಸಹಕಾರ ಸಂಘಕ್ಕೋ ವಹಿಸಿ, ಹಳೆಯ ಲಾಂಚಿನವರನ್ನೇ ಕೆಲಸಕ್ಕೆ ಇಟ್ಟುಕೊಳ್ಳಿ. ಮುಳುಗಿದ ಊರುಗಳ ನಕ್ಷೆಯೊಂದನ್ನು ಅದರ ಗೋಡೆಗೆ ತೂಗುಹಾಕಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಹರಕೆಗೆ ಹೋಗುವ ನಮ್ಮವರು ಹೋಗುವಾಗ ಸೇತುವೆಯ ಮೇಲೆ ಹೋಗಲಿ, ಬರುವಾಗ ಟಿಕೆಟ್ ತೆಗೆದುಕೊಂಡು ಆ ಲಾಂಚಿನಲ್ಲಿ ಬರಲಿ.